ಪೆಪ್ಸಿ ಐಸ್ ಹಿಡಿಯೋಕೆ ಕ್ರೋಶಾ ಕವರ್: ಯಾವ ದಾರ, ಎಷ್ಟು ಅಳತೆ?

ಬೆಣ್ಣೆದೋಸೆ_ಊರಿನವಳು

ಎಲ್ಲರಿಗೂ ನಮಸ್ಕಾರ. ಮಕ್ಕಳಿಗೆ ಬೇಸಿಗೆ ರಜೆ, ಅಣ್ಣನ ಮಕ್ಕಳೂ ಬಂದಿದ್ದಾರೆ, ಬೆಳಗ್ಗೆಯಿಂದ ಸಂಜೆವರೆಗೆ ಮನೆಯಲ್ಲಿ ಐಸ್ ಐಸ್ ಅಂತ ಒಂದೇ ಜಪ. ಅಂಗಡಿಯ ಬಣ್ಣದ ನೀರು ಬೇಡ ಅಂತ ಜಿಪ್ ಇರುವ ಉದ್ದನೆಯ ಪೌಚ್ ತರಿಸಿದ್ದೇನೆ. ನಾವು ಸಣ್ಣವರಿದ್ದಾಗ ಒಂದು ರೂಪಾಯಿಗೆ ಪೆಪ್ಸಿ ಅಂತ ಪ್ಲಾಸ್ಟಿಕ್ ಕೊಳವೆಯ ಐಸ್ ಸಿಗುತ್ತಿತ್ತಲ್ಲ, ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹರಿದು ಚೀಪುವುದು, ಅದೇ ಥರ, ಅಗಲ ಸ್ವಲ್ಪ ಜಾಸ್ತಿ. ಮಾವಿನ ಹಣ್ಣಿನ ರಸ, ಬೆಲ್ಲದ ಪಾನಕ, ಪುನರ್ಪುಳಿ ಷರಬತ್ತು ತುಂಬಿಸಿ ಫ್ರೀಜರಿನಲ್ಲಿ ಇಡುತ್ತೇನೆ.

ಐಸ್ ಚೆನ್ನಾಗಿಯೇ ಆಗುತ್ತಿದೆ. ತೊಂದರೆ ಇರುವುದು ಹಿಡಿದುಕೊಳ್ಳುವುದರಲ್ಲಿ. ಸಣ್ಣವಳಿಗೆ ಐದು ವರ್ಷ, ಎರಡು ಸಲ ಚೀಪುವಷ್ಟರಲ್ಲಿ ಕೈ ಜೋಮು ಹಿಡಿಯಿತು ಅಂತ ಅಳುತ್ತಾಳೆ. ದೊಡ್ಡವನು ಬನಿಯನ್ ತುದಿಗೆ ಸುತ್ತಿ ಹಿಡಿಯುತ್ತಾನೆ, ಆಮೇಲೆ ಆ ಪುನರ್ಪುಳಿ ಕಲೆ ಉಜ್ಜುವವಳು ನಾನು. ಹಾಗಾಗಿ ಒಗೆದು ಒಗೆದು ಬಳಸುವಂಥ ಕವರ್ ಕ್ರೋಶಾದಲ್ಲಿ ಹಾಕೋಣ ಅಂದುಕೊಂಡಿದ್ದೇನೆ. ಸ್ವೆಟರ್ ಹಾಕಿ ಉಳಿದ ಉಲ್ಲನ್ ಉಂಡೆಗಳು ರಾಶಿ ಇವೆ, ಹತ್ತಿ ದಾರವೂ ಇದೆ. ಯಾವುದು ಒಳ್ಳೆಯದು? ಎಷ್ಟು ಸ್ಟಿಚ್ ಹಾಕಬೇಕು? ಕೆಳಗೆ ಮುಚ್ಚಬೇಕಾ, ತೆರೆದೇ ಬಿಡಬೇಕಾ? ಕುಲಾವಿ, ಬಾಗಿಲ ತೋರಣ ಎಲ್ಲ ಹಾಕುತ್ತೇನೆ, ಆದರೆ ಅಮ್ಮ ಹಾಕುವುದನ್ನು ನೋಡಿ ಕಲಿತದ್ದು, ಪ್ಯಾಟರ್ನ್ ಓದಲು ಬರುವುದಿಲ್ಲ. ಯಾರಾದರೂ ಮಾತಿನಲ್ಲಿ ಹೇಳಿದರೆ ಸಾಕು.

ಇನ್ನೊಂದು. ನಮ್ಮ ಅತ್ತೆಯವರಿಗೆ ಒಂದು ಅನುಮಾನ. "ಉಲ್ಲನ್ ಹೊದಿಸಿದ್ರೆ ಐಸ್ ಬೆಚ್ಚಗಾಗಿ ಬೇಗ ಕರಗಲ್ವೇನೇ?" ಅಂತ ಕೇಳಿದರು. ಹಾಗಾಗಲ್ಲ ಅಂತ ನನಗೆ ಅನ್ನಿಸುತ್ತದೆ, ಯಾಕೆ ಅಂತ ಹೇಳಲು ಬರುತ್ತಿಲ್ಲ.

ಉಂಡೆದಾರ_ಅಜ್ಜಿ

ಕುಲಾವಿ ಬರುತ್ತದೆ ಅಂದಮೇಲೆ ಇದು ನಿನಗೆ ಬಂದ ಹಾಗೇ ಕಣಮ್ಮ. ನೆತ್ತಿಯಿಂದ ಶುರು ಮಾಡಿ ಹೆಚ್ಚಿಸಿಕೊಂಡು ಹೋಗುತ್ತೀಯಲ್ಲ, ಇಲ್ಲಿ ಹೆಚ್ಚಿಸುವುದನ್ನು ಮೂರನೇ ಸುತ್ತಿಗೇ ನಿಲ್ಲಿಸಿ ನೇರ ಇಳಿಸುವುದು.

ಮೊದಲು ಖಾಲಿ ಪೌಚನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಇಟ್ಟು ಅಗಲ ಅಳೆ. ಅದರ ಎರಡರಷ್ಟು ಅದರ ಸುತ್ತಳತೆ. ನಿನ್ನ ಪೌಚು 5.5 ಸೆಂಟಿಮೀಟರ್ ಅಗಲ ಇದೆ ಅಂತ ಇಟ್ಟುಕೋ, ಸುತ್ತಳತೆ 11 ಆಯಿತು. ಸ್ವೆಟರಿಗೆ ಹಾಕುವ ಸಾಮಾನ್ಯ ದಪ್ಪದ ಉಲ್ಲನ್ನು, 4 ಎಂಎಂ ಕ್ರೋಶಾ ಕಡ್ಡಿ, ಸಿಂಗಲ್ ಕ್ರೋಶೆ ಅಂದರೆ ಗಿಡ್ಡ ಸ್ಟಿಚ್ ಹಾಕಿದರೆ 10 ಸೆಂಟಿಮೀಟರಿಗೆ 16 ಸ್ಟಿಚ್ ಆಸುಪಾಸು ಬರುತ್ತದೆ. ಆ ಲೆಕ್ಕದಲ್ಲಿ 11 ಸೆಂಟಿಮೀಟರಿಗೆ 18 ಸ್ಟಿಚ್. ಒಬ್ಬೊಬ್ಬರ ಕೈ ಬಿಗಿ ಒಂದೊಂದು ಥರ ಇರುತ್ತದೆ, ಅದಕ್ಕೆ ಮೊದಲು ಅಂಗೈ ಅಗಲದ ಒಂದು ತುಂಡು ಹಾಕಿ, ಸ್ಕೇಲ್ ಇಟ್ಟು ಎಣಿಸಿಕೋ. ಈ ಕೆಲಸಕ್ಕೆ ಎಲ್ಲರೂ ಸೋಮಾರಿತನ ಮಾಡುತ್ತಾರೆ, ಆಮೇಲೆ ಪೌಚು ಒಳಗೇ ಹೋಗುವುದಿಲ್ಲ ಅಂತ ಬಿಚ್ಚುತ್ತಾ ಕೂರುತ್ತಾರೆ.

ದಾರದಲ್ಲಿ ಎಳೆದು ಬಿಗಿಯುವಂಥ ರಿಂಗ್ ಮಾಡಿ ಅದರೊಳಗೆ 6 ಸಿಂಗಲ್. ಎರಡನೇ ಸುತ್ತಿನಲ್ಲಿ ಒಂದೊಂದರೊಳಗೂ ಎರಡೆರಡು, 12 ಆಯಿತು. ಮೂರನೇ ಸುತ್ತಿನಲ್ಲಿ ಒಂದರೊಳಗೆ ಒಂದು, ಮುಂದಿನದರೊಳಗೆ ಎರಡು, ಹೀಗೇ ಸುತ್ತ ಹೋದರೆ 18. ಇನ್ನು ಹೆಚ್ಚಿಸಬೇಡ. 18, 18, 18 ಅಂತ ಸುತ್ತುತ್ತಲೇ ಹೋಗು. ಸುತ್ತು ಮುಗಿದಾಗಲೆಲ್ಲ ಜೋಡಿಸುವುದೂ ಬೇಡ, ಸುರುಳಿಯಾಗಿ ಮೇಲೆ ಹತ್ತಲಿ. ಸುತ್ತು ಎಲ್ಲಿ ಶುರುವಾಯಿತು ಅಂತ ಗೊತ್ತಾಗಲು ಒಂದು ಸೇಫ್ಟಿ ಪಿನ್ ಸಿಕ್ಕಿಸಿಕೋ. 14 ಸೆಂಟಿಮೀಟರ್ ಎತ್ತರಕ್ಕೆ 25 ಸುತ್ತು ಸಾಕಾಗುತ್ತದೆ. ಪೌಚಿನ ಮೇಲಿನ ಭಾಗ ಹೊರಗೇ ಇರಬೇಕಲ್ಲ, ಪೂರ್ತಿ ಉದ್ದ ಹಾಕಿದರೆ ಮಗು ತಿನ್ನುವುದು ಎಲ್ಲಿಂದ? ಕೊನೇ ಸುತ್ತನ್ನು ಸ್ಲಿಪ್ ಸ್ಟಿಚ್ಚಿನಲ್ಲಿ ಸಡಿಲವಾಗಿ ಹಾಕು, ಬಿಗಿ ಹಾಕಿದರೆ ಬಾಯಿ ಕಿರಿದಾಗಿ ಐಸ್ ಗಟ್ಟಿ ಇದ್ದಾಗ ಇಳಿಯುವುದೇ ಇಲ್ಲ.

ಡಬಲ್ ಕ್ರೋಶೆ ಹಾಕಬೇಡ. ಅದರ ಸ್ಟಿಚ್ ಎತ್ತರ, ಬೇಗ ಮುಗಿಯುತ್ತದೆ ನಿಜ, ಆದರೆ ಕಂಬಗಳ ನಡುವೆ ಸಂದು ಬೀಳುತ್ತದೆ, ಮಗುವಿನ ಬೆರಳು ಆ ಸಂದಿನಲ್ಲೇ ಪೌಚಿಗೆ ತಾಗುತ್ತದೆ. ಬೇಸರ ಆದರೆ ಎರಡರ ನಡುವಿನ ಎತ್ತರದ ಹಾಫ್ ಡಬಲ್ ಹಾಕು, ಸುತ್ತು ಕಡಿಮೆ ಆಗುತ್ತದೆ, ಬಟ್ಟೆಯೂ ಸುಮಾರು ದಪ್ಪ ಬರುತ್ತದೆ. ನಾನು ಹೇಳುತ್ತಿರುವುದೆಲ್ಲ ಯೂಟ್ಯೂಬಿನ ಅಮೆರಿಕದ ಲೆಕ್ಕ. ಹಳೇ ಬ್ರಿಟಿಷ್ ಪುಸ್ತಕ ಮನೆಯಲ್ಲಿದ್ದರೆ ಅದರಲ್ಲಿ ಇದೇ ಸಿಂಗಲ್ಲಿಗೆ ಡಬಲ್ ಅಂತ ಬರೆದಿರುತ್ತಾರೆ, ಗಲಿಬಿಲಿ ಮಾಡಿಕೊಳ್ಳಬೇಡ.

ಅಂಗಡಿಯ ಸಣ್ಣ ಪೆಪ್ಸಿಗೂ ಬೇಕಿದ್ದರೆ ಅದು 3 ಸೆಂಟಿಮೀಟರ್ ಅಗಲದ ಹತ್ತಿರ ಇರುತ್ತದೆ. ರಿಂಗಿನಲ್ಲಿ 5, ಆಮೇಲೆ 10, ಅಲ್ಲಿಂದ ನೇರ.

ಕುಡ್ಲದ_ಸೆಕೆ

ಅಜ್ಜಿ ಹೇಳಿದ ಅಳತೆಗೆ ನನ್ನದೂ ಓಟು. ದಾರದ ವಿಷಯ ನಾನು ಹೇಳುತ್ತೇನೆ, ಯಾಕೆಂದರೆ ನಮ್ಮ ಮಂಗಳೂರಿನ ಸೆಕೆಯಲ್ಲಿ ಎರಡನ್ನೂ ಬಳಸಿ ನೋಡಿದ್ದೇನೆ.

ಅಂಗಡಿಯಲ್ಲಿ ಉಲ್ಲನ್ ಅಂತ ಕೊಡುವುದು ಬಹುಪಾಲು ಅಕ್ರಿಲಿಕ್, ಉಂಡೆಯ ಲೇಬಲ್ ಓದಿ ನೋಡಿ. ಈ ಕೆಲಸಕ್ಕೆ ಅದೇ ಒಳ್ಳೆಯದು. ಫ್ರೀಜರಿನಿಂದ ಪೌಚು ತೆಗೆದ ಕೂಡಲೇ ಹೊರಗೆಲ್ಲ ಬೆವರುತ್ತದೆ ಅಲ್ವಾ, ಹತ್ತಿ ಆ ನೀರನ್ನೆಲ್ಲ ಕುಡಿದು ಭಾರ ಆಗುತ್ತದೆ, ತಣ್ಣಗಿನ ಒದ್ದೆ ಬಟ್ಟೆ ಹಿಡಿದ ಹಾಗೆ ಆಗಿ ಕವರ್ ಹಾಕಿದ್ದೂ ವ್ಯರ್ಥ. ಅಕ್ರಿಲಿಕ್ ಎಳೆ ನೀರು ಹೀರುವುದು ಬಹಳ ಕಡಿಮೆ. ಹಿಂಡಿ, ಕೊಡವಿ, ಫ್ಯಾನ್ ಕೆಳಗೆ ಹಾಕಿದರೆ ಮುಂದಿನ ಐಸಿನ ಹೊತ್ತಿಗೆ ಒಣಗಿರುತ್ತದೆ. ಹತ್ತಿಯದ್ದು ಇಲ್ಲಿ ಜೂನ್ ಮಳೆ ಹಿಡಿದ ಮೇಲೆ ಒಣಗುವುದೇ ಇಲ್ಲ, ಮುಗ್ಗಲು ವಾಸನೆ ಬರುತ್ತದೆ.

ನಿಜವಾದ ಕುರಿ ಉಣ್ಣೆ ಇದ್ದರೆ ಅದನ್ನು ಇದಕ್ಕೆ ಹಾಳು ಮಾಡಬೇಡಿ. ದಿನಾ ಒಗೆಯಬೇಕಾದ ವಸ್ತು, ಮಷೀನಿಗೆ ಬಿಸಿ ನೀರಲ್ಲಿ ಹಾಕಿದರೆ ಕುಗ್ಗಿ ದಪ್ಪ ಕಂಬಳಿ ತುಂಡು ಆಗುತ್ತದೆ.

ಹತ್ತಿಗೆ ಅಂತ ಒಂದು ಗುಣ ಇದೆ, ಬಿಸಿ ನೀರಿನಲ್ಲಿ ಚೆನ್ನಾಗಿ ಒಗೆಯಬಹುದು. ಹಾಲಿನ ಐಸ್ ಮಾಡುವವರಿಗೆ ಅದು ಮುಖ್ಯ. ಹಾಲು, ಬಾದಾಮಿ ಅಂಥದ್ದು ಸುರಿದ ಕವರನ್ನು ಅವತ್ತೇ ಒಗೆಯದಿದ್ದರೆ ಮರುದಿನ ಮೂಗು ಮುಚ್ಚಿಕೊಳ್ಳಬೇಕು. ಸಕ್ಕರೆಯದ್ದು ವಾಸನೆ ಬರುವುದಿಲ್ಲ, ಆದರೆ ಸೋಫಾ ಮೂಲೆಯಲ್ಲಿ ಬಿಟ್ಟರೆ ಅರ್ಧ ಗಂಟೆಯಲ್ಲಿ ಇರುವೆ ಸಾಲು. ಹೊಲಿಗೆಯ ಒಳಗೆಲ್ಲ ಕೂತಿರುತ್ತವೆ, ಕೊಡವಿದರೂ ಹೋಗುವುದಿಲ್ಲ. ನಮ್ಮ ಮನೆಯಲ್ಲಿ ಐಸ್ ತಿಂದವರೇ ಕವರನ್ನು ಬಕೆಟ್ ನೀರಿಗೆ ಹಾಕಬೇಕು ಅಂತ ಕಾನೂನು ಇದೆ, ಪಾಲನೆ ಅಷ್ಟಕ್ಕಷ್ಟೇ.

ಪುನರ್ಪುಳಿ ಕಲೆ ಹತ್ತಿಯಲ್ಲಿ ಕೂತರೆ ಹೋಗುವುದು ಕಷ್ಟ. ಕಡು ನೇರಳೆ, ಮರೂನ್ ಬಣ್ಣದ ದಾರ ಹಿಡಿಯಿರಿ, ಕಲೆ ಬಿದ್ದರೂ ಡಿಸೈನ್ ಅಂತ ಆಗುತ್ತದೆ. ಕೆಂಪು, ಮರೂನ್ ಹತ್ತಿ ದಾರ ಆದರೆ ಮೊದಲು ಒಂದು ಮೊಳ ಒದ್ದೆ ಮಾಡಿ ಬಿಳಿ ಬಟ್ಟೆಯಲ್ಲಿ ಒತ್ತಿ ನೋಡಿ. ಬಣ್ಣ ಬಿಟ್ಟರೆ ಅದು ಮಗುವಿನ ಕೈಗೂ ಬಾಯಿಗೂ ಹೋಗುತ್ತದೆ.

ಕೆಳಗೆ ಮುಚ್ಚಿ. ತೆರೆದಿಟ್ಟರೆ ಕರಗಿದ ರಸ ಮೊಣಕೈವರೆಗೆ ಇಳಿಯುತ್ತದೆ.

ಬಿಸಿಲೂರು_ಮೇಷ್ಟ್ರು

ಅತ್ತೆಯವರ ಪ್ರಶ್ನೆ ಭಾರಿ ಚೆನ್ನಾಗಿದೆ ರೀ. ನನ್ನ ಎಂಟನೇ ಕ್ಲಾಸಿನ ಮಕ್ಕಳೂ ಇದನ್ನೇ ಕೇಳುತ್ತಾರೆ.

ಉಲ್ಲನ್ನಿಗೆ ತನ್ನದು ಅಂತ ಶಾಖ ಇಲ್ಲ. ಸ್ವೆಟರ್ ಹಾಕಿದಾಗ ಬೆಚ್ಚಗಾಗುವುದು ನಮ್ಮ ಮೈಯ ಶಾಖ ಹೊರಗೆ ಹೋಗದಂತೆ ಅದು ತಡೆಯುವುದರಿಂದ. ಐಸಿನ ಸುತ್ತ ಹಾಕಿದರೆ ಹೊರಗಿನ ಶಾಖ ಒಳಗೆ ಬರದಂತೆ ತಡೆಯುತ್ತದೆ. ಎರಡೂ ಕಡೆ ತಡೆಯುವ ಕೆಲಸವೇ. ಮತ್ತು ತಡೆಯುವುದರಲ್ಲಿ ದಾರಕ್ಕಿಂತ ಜಾಸ್ತಿ ಪಾಲು ಎಳೆಗಳ ನಡುವೆ ಸಿಕ್ಕಿಕೊಂಡು ಅಲ್ಲಾಡದೆ ನಿಂತ ಗಾಳಿಯದು. ಐಸ್ ಫ್ಯಾಕ್ಟರಿಯಿಂದ ಗಡ್ಡೆ ತರುವಾಗ ಮರದ ಹೊಟ್ಟು ಸುರಿದು ಗೋಣಿ ಮುಚ್ಚುತ್ತಿದ್ದರು, ನೋಡಿದವರಿಗೆ ಗೊತ್ತು. 1833ರಲ್ಲಿ ಅಮೆರಿಕದ ಬಾಸ್ಟನ್ನಿನಿಂದ ಕಲ್ಕತ್ತೆಗೆ ಹಡಗಿನಲ್ಲಿ ಐಸ್ ತಂದಿದ್ದರು ಅಂದರೆ ನಂಬುತ್ತೀರಾ? ಫ್ರಿಜ್ ಇಲ್ಲದ ಕಾಲ, ತಿಂಗಳುಗಟ್ಟಲೆ ಸಮುದ್ರ. ಸುಮಾರು 180 ಟನ್ ಹೊರಟದ್ದು 100 ಟನ್ನಿನಷ್ಟು ಉಳಿದು ಬಂತು. ಅದನ್ನು ಉಳಿಸಿದ್ದು ಸುತ್ತ ತುಂಬಿದ್ದ ಒಣ ಪದಾರ್ಥ. ಮದ್ರಾಸಿನ ಮರೀನಾ ಎದುರಿಗೆ ಈಗ ವಿವೇಕಾನಂದರ ಹೆಸರಿನಲ್ಲಿರುವ ಕಟ್ಟಡ ಇದೆಯಲ್ಲ, ಅದನ್ನು ಕಟ್ಟಿಸಿದ್ದೇ ಹಾಗೆ ಬಂದ ಐಸ್ ಇಡಲು. ಜನ ಅದನ್ನು ಇವತ್ತಿಗೂ ಐಸ್ ಹೌಸ್ ಅಂತಲೇ ಕರೆಯುತ್ತಾರೆ.

ಆದರೆ ಕವರ್ ಒದ್ದೆಯಾದರೆ ಕಥೆ ಬೇರೆ. ಗಾಳಿ ಇದ್ದ ಜಾಗಕ್ಕೆ ನೀರು ಬಂತು, ನೀರು ನಿಂತ ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಜಾಸ್ತಿ ಶಾಖ ಸಾಗಿಸುತ್ತದೆ. ಮಂಗಳೂರಿನವರು ಅಕ್ರಿಲಿಕ್ ಅಂದದ್ದು ಅದಕ್ಕೇ ಸರಿ.

ಇಲ್ಲಿ ನಮ್ಮ ಕಲಬುರಗಿ ಕಡೆ ಒಂದು ರೂಢಿ ಇದೆ. ನೀರಿನ ಬಾಟಲಿಗೆ ಒದ್ದೆ ಬಟ್ಟೆ ಸುತ್ತಿ ತಣ್ಣಗೆ ಮಾಡುತ್ತೇವೆ, ಅದನ್ನೇ ಕೆಲವರು ಐಸಿಗೂ ಮಾಡುತ್ತಾರೆ. ಬಾಟಲಿಗೆ ಸರಿ, ಬಟ್ಟೆಯ ನೀರು ಆರುವಾಗ ಶಾಖ ಹೊತ್ತುಕೊಂಡು ಹೋಗುತ್ತದೆ. ಆ ಉಪಾಯದಿಂದ 40 ಡಿಗ್ರಿ ಬಿಸಿಲಿನಲ್ಲೂ ನೀರು ಇಪ್ಪತ್ತೈದರ ಆಸುಪಾಸಿಗೆ ಇಳಿಯಬಹುದು, ಸೊನ್ನೆಗೆ ಯಾವ ಕಾಲಕ್ಕೂ ಇಳಿಯುವುದಿಲ್ಲ. ಐಸಿನಷ್ಟು ತಣ್ಣಗಿರುವುದರ ಮೇಲೆ ನೀರು ಆರುವ ಮಾತೇ ಇಲ್ಲ, ಉಲ್ಟಾ ಗಾಳಿಯ ತೇವ ಬಂದು ಅದರ ಮೇಲೆ ಹನಿಗಟ್ಟುತ್ತದೆ, ಹನಿಗಟ್ಟುವಾಗ ಶಾಖ ಬಿಟ್ಟುಕೊಡುತ್ತದೆ. ಅಂದರೆ ಐಸ್ ಬೇಗ ಕರಗಲಿ ಅಂತ ನಾವೇ ವ್ಯವಸ್ಥೆ ಮಾಡಿದ ಹಾಗಾಯಿತು. ಹಾಗಾಗಿ ಕವರ್ ಒಣಗಿರಲಿ, ಒಂದು ಮಗುವಿಗೆ ಎರಡು ಇದ್ದರೆ ಅನುಕೂಲ.

ಕವರ್ ಸಮೇತ ಪೌಚನ್ನು ಫ್ರೀಜರಿಗೆ ಇಡಬೇಡಿ. ಒಳಗೆ ಹೋಗುವ ಶಾಖ ತಡೆಯುವ ವಸ್ತು ಹೊರಗೆ ಹೋಗುವುದನ್ನೂ ತಡೆಯುತ್ತದೆ, ರಸ ಗಟ್ಟಿಯಾಗಲು ಸುಮ್ನೆ ಜಾಸ್ತಿ ಹೊತ್ತು. ತೆಗೆದ ಮೇಲೆ ತೊಡಿಸಿ. ಪೌಚು ತುಂಬುವಾಗ ಮೇಲೆ ಜಾಗ ಬಿಡಿ, ನೀರು ಐಸಾದರೆ ಹತ್ತಿರ ಹತ್ತಿರ ನೂರಕ್ಕೆ ಒಂಬತ್ತು ಪಾಲು ಹಿಗ್ಗುತ್ತದೆ. ಕುತ್ತಿಗೆವರೆಗೆ ತುಂಬಿದರೆ ಜಿಪ್ ಬಾಯಿ ಬಿಡುತ್ತದೆ.

ಸುಮ್ನೆ_ಕೇಳ್ದೆ

ಎಲ್ಲ ಓದಿದೆ. ಹಳೇ ಸಾಕ್ಸಿನ ಕಾಲು ಕತ್ತರಿಸಿ ಪೌಚಿಗೆ ತೊಡಿಸಿದರೆ ಆಗಲ್ವಾ? ಒಂದು ನಿಮಿಷದ ಕೆಲಸ. ಕತ್ತರಿ ಬಿಟ್ಟರೆ ಬೇರೇನೂ ಬೇಡ. 25 ಸುತ್ತು ಹಾಕುವ ಹೊತ್ತಿಗೆ ಐಸ್ ಕರಗಿ ಮಕ್ಕಳು ಕುಡಿದು ಮುಗಿಸಿರುತ್ತಾರೆ.

ಮತ್ತೆ ಇಂಥ ಕವರ್ ವಿಡಿಯೊಗಳಲ್ಲೆಲ್ಲ ಪರಿಸರಸ್ನೇಹಿ ಅಂತ ದೊಡ್ಡದಾಗಿ ಹಾಕಿರುತ್ತಾರೆ. ಒಳಗಿರುವುದು ಪ್ಲಾಸ್ಟಿಕ್ ಪೌಚು, ಹೊರಗೆ ಅಕ್ರಿಲಿಕ್, ಅದೂ ಪ್ಲಾಸ್ಟಿಕ್ಕೇ. ಐಸ್‌ಕ್ರೀಮಿನ ಪ್ಲಾಸ್ಟಿಕ್ ಕಡ್ಡಿಯನ್ನು 2022ರ ಜುಲೈ 1ರಿಂದ ದೇಶದಲ್ಲೇ ನಿಷೇಧ ಮಾಡಿದ್ದಾರೆ, ಮರದ ಕಡ್ಡಿಯ ಐಸ್ ಕ್ಯಾಂಡಿ ಮಾಡಿ ಕೊಟ್ಟರೆ ಪೌಚೂ ಬೇಡ, ಕವರೂ ಬೇಡ. ಜಗಳಕ್ಕೆ ಅಲ್ಲ, ಸುಮ್ನೆ ಕೇಳಿದೆ.

ಕುಡ್ಲದ_ಸೆಕೆ

ಜಗಳ ಅಂತ ಯಾರೂ ತಿಳಿದುಕೊಳ್ಳಲ್ಲ ಬಿಡಿ, ಅರ್ಧ ಮಾತು ಸರಿಯೇ ಇದೆ. ಕವರಿನಿಂದ ಪ್ಲಾಸ್ಟಿಕ್ ಒಂದು ಗ್ರಾಮೂ ಕಡಿಮೆ ಆಗುವುದಿಲ್ಲ. ಇದು ಕೈಗೆ ಹಾಕುವ ಅಂಗಿ, ಅಷ್ಟೇ. ಅಕ್ರಿಲಿಕ್ ಒಗೆದಾಗ ಸಣ್ಣ ಸಣ್ಣ ಎಳೆ ಉದುರಿ ನೀರಿಗೆ ಹೋಗುತ್ತದೆ, ಅದೂ ನಿಜ. ಆದರೆ ಅವರು ಹೊಸ ಉಂಡೆ ತರುತ್ತಿಲ್ಲ, ಮನೆಯಲ್ಲಿ ಬಿದ್ದಿರುವುದನ್ನು ಬಳಸುತ್ತಿದ್ದಾರೆ. ಪ್ಲಾಸ್ಟಿಕ್ ಕಡಿಮೆ ಮಾಡಬೇಕು ಅಂದರೆ ಪೌಚನ್ನೇ ತೊಳೆದು ತೊಳೆದು ಬಳಸಬೇಕು. ಪಾನಕ, ಷರಬತ್ತಿನ ಪೌಚನ್ನು ಉಗುರುಬೆಚ್ಚಗಿನ ಸೋಪಿನ ನೀರಿನಲ್ಲಿ ಅಲ್ಲಾಡಿಸಿ, ಬಾಯಿ ಕೆಳಗೆ ಮಾಡಿ ಚಮಚದ ಹಿಡಿಗೆ ಸಿಕ್ಕಿಸಿ ಒಣಗಿಸಿದರೆ ಮತ್ತೆ ಬಳಸಬಹುದು. ಹಾಲಿನದ್ದು ಬೇಡ, ಮೂಲೆಯ ಜಿಡ್ಡು ಹೋಗುವುದಿಲ್ಲ. ಸಿಲಿಕೋನ್ ಅಚ್ಚು ಬರುತ್ತದೆ, ಮುಚ್ಚಳ ಇರುವುದು, ಅದು ವರ್ಷಗಟ್ಟಲೆ ಬರುತ್ತದೆ, ಅದಕ್ಕೂ ಇದೇ ಕವರ್ ಹಾಕಬಹುದು.

ಸಾಕ್ಸ್ ಆಗುತ್ತದೆ. ಕತ್ತರಿಸಿದ ತುದಿ ಎಳೆ ಬಿಡುತ್ತದೆ, ಒಂದು ಸಾಲು ಹೊಲಿಗೆ ಹಾಕಿಕೊಳ್ಳಿ. ಶಾಲೆಯ ತೆಳು ಸಾಕ್ಸ್ ಬೇಡ, ಚಳಿಗಾಲದ ದಪ್ಪನೆಯದು ನೋಡಿ. ಯಾರ ಸಾಕ್ಸ್ ಅಂತ ಮಕ್ಕಳಿಗೆ ಹೇಳಬೇಡಿ, ತಿನ್ನಲ್ಲ.

ಟೊರಾಂಟೊ_ತುಂಗೆ

ನಾನು ಶಿವಮೊಗ್ಗದವಳು, ಈಗ ಕೆನಡಾದಲ್ಲಿ. ಇಲ್ಲಿ ಇದೇ ಪೆಪ್ಸಿಗೆ ಫ್ರೀಜಿ ಅಂತಾರೆ, ಬೇಸಿಗೆಯಲ್ಲಿ ಪ್ರತಿ ಮನೆಯ ಫ್ರೀಜರಿನಲ್ಲೂ ಇರುತ್ತದೆ. ಅಂಗಡಿಯಲ್ಲಿ ದ್ರವವಾಗಿಯೇ ಮಾರುತ್ತಾರೆ, ಮನೆಗೆ ತಂದು ನಾವೇ ಗಟ್ಟಿ ಮಾಡಿಕೊಳ್ಳುವುದು. ಅದಕ್ಕೆ ಹಾಕುವ ಕವರುಗಳೂ ಸಿಗುತ್ತವೆ, ನಿಯೋಪ್ರೀನ್ ಅಂತ ಸ್ಪಂಜಿನಂಥ ರಬ್ಬರು, ಈಜುವವರ ಸೂಟಿಗೆ ಬಳಸುವುದು. ಅದರೊಳಗೂ ಸಣ್ಣ ಸಣ್ಣ ಗುಳ್ಳೆಗಳೇ, ಮೇಷ್ಟ್ರು ಹೇಳಿದ ಲೆಕ್ಕವೇ. ನಾನು ನೋಡಿದ ಎಷ್ಟೋ ಕವರಿಗೆ ಎರಡೂ ಕಡೆ ಬಾಯಿ ಇರುತ್ತದೆ, ಕೆಳಗಿನಿಂದ ಬೆರಳಲ್ಲಿ ಒತ್ತಿ ಐಸನ್ನು ಮೇಲಕ್ಕೆ ತಳ್ಳಲು.

ತೆರೆಯಬೇಕಾ ಮುಚ್ಚಬೇಕಾ ಅನ್ನುವುದಕ್ಕೆ ನಡುವಿನ ದಾರಿ ಒಂದಿದೆ. ರಿಂಗನ್ನು ಎಳೆದು ಬಿಗಿಯುವ ಬದಲು 6 ಚೈನ್ ಹಾಕಿ, ಸ್ಲಿಪ್ ಸ್ಟಿಚ್ಚಿನಲ್ಲಿ ಜೋಡಿಸಿ, ಆ ಬಳೆಯೊಳಗೆ 12 ಸಿಂಗಲ್ ಹಾಕಿ, ಮುಂದಿನ ಸುತ್ತಿಗೆ 18. ನಡುವೆ ಕಿರುಬೆರಳು ಹೋಗುವಷ್ಟು ತೂತು ಉಳಿಯುತ್ತದೆ. ಪೌಚು ಜಾರಿ ಬೀಳುವುದಿಲ್ಲ, ಬೆರಳು ಹಾಕಿ ತಳ್ಳಲೂ ಆಗುತ್ತದೆ, ಒಗೆದ ಮೇಲೆ ನೀರೂ ಬಸಿಯುತ್ತದೆ. ರಸ ಇಳಿಯುತ್ತದೆ ಅಂತ ಕುಡ್ಲದವರು ಹೇಳಿದರು, ಜಿಪ್ ಪೌಚಿನ ತಳದಲ್ಲಿ ಬಾಯಿ ಇಲ್ಲವಲ್ಲ, ರಸ ಬರುವುದು ಮೇಲಿನಿಂದ. ಅದಕ್ಕೆ ಬಾಯಿಯ ಹತ್ತಿರ ಕೊನೆಯ ನಾಲ್ಕು ಸುತ್ತನ್ನು ಹತ್ತಿ ದಾರದಲ್ಲಿ ಹಾಕಿ, ಇಳಿಯುವ ಹನಿಯನ್ನು ಅಲ್ಲೇ ಹೀರುತ್ತದೆ, ಕೈ ಹಿಡಿಯುವ ಜಾಗ ಒಣಗಿಯೇ ಇರುತ್ತದೆ. ಹತ್ತಿ ಎಳೆ ತೆಳುವಾಗಿದ್ದರೆ ಎರಡೆಳೆ ಸೇರಿಸಿಕೊಳ್ಳಿ.

ಇನ್ನೊಂದು ವಿಷಯ ಯಾರೂ ಹೇಳಲಿಲ್ಲ. ಈ ಪೌಚುಗಳ ಎರಡು ಪಕ್ಕದ ಅಂಚು ಒತ್ತಿ ಅಂಟಿಸಿದ್ದು, ಗಟ್ಟಿಯಾದಾಗ ಚೂಪು. ಸಣ್ಣ ಮಕ್ಕಳ ಬಾಯಿಯ ಮೂಲೆ ಎರಡೂ ಕಡೆ ಕೊಯ್ದು, ಅವತ್ತು ಸಾರನ್ನ ತಿನ್ನುವಾಗ ಉರಿ ಉರಿ ಅಂತ ಅಳು. ಪೌಚಿನ ಬಾಯಿ ಹತ್ತಿರ ಎರಡೂ ಮೂಲೆಯನ್ನು ಕತ್ತರಿಯಲ್ಲಿ ದುಂಡಗೆ ಕತ್ತರಿಸಿ ಕೊಡಿ. ಜಿಪ್ ಹೋದರೆ ಹೋಗಲಿ ಅನ್ನುವವರಿಗೆ ಮಾತ್ರ ಈ ಮಾತು. ಪೌಚು ಮತ್ತೆ ಬೇಕು ಅಂದರೆ ಕವರನ್ನೇ ನಾಲ್ಕು ಸುತ್ತು ಉದ್ದ ಹಾಕಿ, ತಿನ್ನುವಾಗ ಅಂಚಿನ ಮೇಲೆ ಎಳೆದುಕೊಳ್ಳಲಿ.

ಕುತ್ತಿಗೆಗೆ ನೇತು ಹಾಕಿಕೊಳ್ಳುವ ದಾರ, ಮಣಿ, ಗುಂಡಿ ಇವೆಲ್ಲ ಐದು ವರ್ಷದವಳಿಗೆ ಬೇಡವೇ ಬೇಡ.

ಬೆಣ್ಣೆದೋಸೆ_ಊರಿನವಳು

ಅಬ್ಬಾ, ಇಷ್ಟು ಜನ ಇಷ್ಟು ಬಿಡಿಸಿ ಹೇಳುತ್ತೀರಿ ಅಂದುಕೊಂಡಿರಲಿಲ್ಲ. ಅತ್ತೆಯವರಿಗೆ ಮೇಷ್ಟ್ರ ಉತ್ತರ ಪೂರ್ತಿ ಓದಿ ಹೇಳಿದೆ. ಗೋಣಿ ಮತ್ತು ಹೊಟ್ಟಿನ ಮಾತು ಬಂದ ಕೂಡಲೇ ಒಪ್ಪಿಕೊಂಡರು, ಹಡಗಿನ ಕಥೆ ಮಾತ್ರ ನಂಬಲಿಲ್ಲ.

ಟೊರಾಂಟೊ ಅಕ್ಕ ಹೇಳಿದ ತೂತಿನ ತಳ, ಮೇಲೆ ಹತ್ತಿ ಅಂಚು, ಆ ಥರ ಹಾಕಿದೆ. ಸಣ್ಣವಳದ್ದು ಕೇಸರಿ ಬಣ್ಣ, ಮೇಲೆ ಹಸಿರು, ಕ್ಯಾರೆಟ್ ಅಂತೆ. ಈಗ ಅಣ್ಣನ ಮಕ್ಕಳು ನಮಗೆ ಅದೇ ಬೇಕು ಅಂತ ಕೂತಿದ್ದಾರೆ. ಪುನರ್ಪುಳಿಗೆ ಕಡು ನೇರಳೆ ತೆಗೆದಿಟ್ಟಿದ್ದೇನೆ.

ಇನ್ನೆರಡು ಕೇಳುವುದಿದೆ. ನಮ್ಮವರಿಗೆ ಕಡ್ಡಿ ಕುಲ್ಫಿ ಇಷ್ಟ, ಅದು ಕಡ್ಡಿಗುಂಟ ಇಳಿದು ಶರ್ಟಿಗೆ ಬೀಳುತ್ತದೆ, ಅದಕ್ಕೂ ಏನಾದರೂ ಹಾಕಬಹುದಾ? ಆಮೇಲೆ ನಮ್ಮ ಬಡಾವಣೆಯ ಮಹಿಳಾ ಸಂಘದವರು ರಜೆಯಲ್ಲಿ ಒಂದು ಸಣ್ಣ ಮೇಳ ಇಡುತ್ತಾರೆ, ಪಕ್ಕದ ಮನೆಯವರು ಇದನ್ನು ನೋಡಿ ಅಲ್ಲಿ ಮಾರು ಅಂತಿದ್ದಾರೆ. ಒಂದಕ್ಕೆ ಎಷ್ಟು ಹೇಳಬಹುದು?

ಉಂಡೆದಾರ_ಅಜ್ಜಿ

ಕುಲ್ಫಿಗೆ ತಟ್ಟೆ ಹಾಕು. ಆ 6 ಚೈನಿನ ಬಳೆಯಿಂದಲೇ ಶುರು, ಆದರೆ ಕಡ್ಡಿ ಬಿಗಿಯಾಗಿ ಕೂರಬೇಕು, ಅದಕ್ಕೆ 4 ಚೈನ್ ಸಾಕು. ಬಳೆಯೊಳಗೆ 6 ಸಿಂಗಲ್, ಆಮೇಲೆ 12, 18, 24, 30 ಅಂತ ಸುತ್ತಿಗೆ ಆರಾರು ಹೆಚ್ಚಿಸು, ಚಪ್ಪಟೆಯಾಗಿ ಬರುತ್ತದೆ. 30 ಆದ ಮೇಲೆ ಹೆಚ್ಚಿಸದೆ ಎರಡು ಸುತ್ತು ಹಾಕಿದರೆ ಅಂಚು ತಾನೇ ಮೇಲೆ ಎದ್ದು ಸಣ್ಣ ತಟ್ಟೆ ಆಗುತ್ತದೆ. ಕಡ್ಡಿಯನ್ನು ತೂತಿನಲ್ಲಿ ತೂರಿಸಿ ಕುಲ್ಫಿಯ ಬುಡದವರೆಗೆ ಏರಿಸಬೇಕು. ಇದಕ್ಕೆ ಮಾತ್ರ ಹತ್ತಿಯೇ ಬೇಕು, ಉಲ್ಲನ್ ಬೇಡ. ಅಲ್ಲಿ ಕೈಗೆ ಚಳಿ ತಾಗುವುದಿಲ್ಲ, ಕೆಲಸ ಇರುವುದು ಹಾಲು ಹೀರುವುದು. ನಿಟಿಂಗ್ ಕಾಟನ್ ಅಂತ ಸಿಗುತ್ತದಲ್ಲ, 3 ಎಂಎಂ ಕ್ರೋಶಾ ಕಡ್ಡಿಯಲ್ಲಿ ಹಾಕು. ತಟ್ಟೆ ಚಿಕ್ಕದಾಯಿತು ಅನ್ನಿಸಿದರೆ 36ಕ್ಕೆ ಹೋಗು. ತಿಂದ ತಕ್ಷಣ ನೀರಿಗೆ ಹಾಕಲು ಅವರಿಗೇ ಹೇಳು.

ಮಾರುವ ವಿಷಯ. ಒಂದು ಪೌಚ್ ಕವರಿಗೆ 15 ಗ್ರಾಂ ಸುತ್ತಮುತ್ತ ದಾರ ಹಿಡಿಯುತ್ತದೆ, 100 ಗ್ರಾಮಿನ ಉಂಡೆಯಲ್ಲಿ ಆರು ಆಗುತ್ತವೆ ಅಂತ ಇಟ್ಟುಕೋ. ದಾರದ ಖರ್ಚು ಹಾಗೆ ನೋಡಿದರೆ ಏನೂ ಇಲ್ಲ. ಜನ ಅದನ್ನೇ ಹಿಡಿದು ಚೌಕಾಸಿ ಮಾಡುತ್ತಾರೆ, "ಇಷ್ಟು ದಾರಕ್ಕೆ ಇಷ್ಟಾ" ಅಂತ. ಕೈ ಕೆಲಸಕ್ಕೆ ಗಂಟೆಗೆ ಇಷ್ಟು ಅಂತ ನೀನೇ ಮೊದಲು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡು, ಅದಕ್ಕೆ ದಾರದ್ದು ಸೇರಿಸಿ ಬೆಲೆ ಹೇಳು. ಹೆಣಿಗೆಗೆ ಮಷೀನ್ ಇದೆ, ಕ್ರೋಶಾವನ್ನು ಹೀಗೆ ಕೈಯಲ್ಲಿ ಹಾಕಿದಂತೆ ಹಾಕುವ ಮಷೀನ್ ಮಾರ್ಕೆಟ್ಟಿನಲ್ಲಿ ಇಲ್ಲ. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಕ್ರೋಶಾ ಅಂದರೆ ಯಾರೋ ಹೆಂಗಸರು ಕಡಿಮೆ ಕೂಲಿಗೆ ಹಾಕಿದ್ದು ಅಂತಲೇ ಅರ್ಥ. ಆಂಧ್ರದ ನರಸಾಪುರದ ಕಡೆ ಮನೆಮನೆಯಲ್ಲಿ ಕ್ರೋಶಾ ಲೇಸ್ ಹಾಕುತ್ತಾರೆ, ಹೊರದೇಶಕ್ಕೆಲ್ಲ ಹೋಗುತ್ತದೆ, ಹಾಕಿದವರ ಕೈಗೆ ಸಿಗುವುದು ಪುಡಿಗಾಸು. ಪಕ್ಕದ ಮನೆಯವರಿಗೆ ಬೇಕಾದರೆ ಬಿಟ್ಟಿ ಕೊಡು, ಮೇಳದಲ್ಲಿ ಮಾತ್ರ ಇಳಿಸಬೇಡ.

ಮೇಳಕ್ಕೆ ಒಂದೇ ಅಳತೆ ಹಾಕಬೇಡ, ಸಣ್ಣ ಪೆಪ್ಸಿಯದ್ದು ಸ್ವಲ್ಪ, ಜಿಪ್ ಪೌಚಿನದ್ದು ಜಾಸ್ತಿ. ಮುಂದೆ ಒಂದು ಪೌಚಿನಲ್ಲಿ ಬಣ್ಣದ ನೀರು ತುಂಬಿಸಿ ತೊಡಿಸಿ ಇಡು, ಇಲ್ಲದಿದ್ದರೆ ಮೊಬೈಲ್ ಚೀಲವಾ, ಪೆನ್ ಚೀಲವಾ ಅಂತ ಕೇಳುತ್ತಾರೆ. ಮತ್ತೆ ಪ್ರತಿಯೊಂದಕ್ಕೂ ಚೀಟಿ ಕಟ್ಟು, ಎಷ್ಟು ಅಗಲದ ಪೌಚಿಗೆ, ಬಿಸಿ ಇಸ್ತ್ರಿ ಬೇಡ ಅಂತ ಬರೆದು. ಅಕ್ರಿಲಿಕ್ ಮೇಲೆ ಇಸ್ತ್ರಿ ಇಟ್ಟರೆ ಎಳೆ ಕರಗಿ ಜೋತು ಬೀಳುತ್ತದೆ, ಆಮೇಲೆ ನಿನ್ನ ಹತ್ತಿರವೇ ಬರುತ್ತಾರೆ.